ಮಗಳ ಹೊಸ ಕೆಲಸ

ವಾಚನಾಲಯದ ಹುಡುಗರು "ಕಾಕಾ, ಈ ಸಲ ಹಾಡು ಬ್ಯಾಡ, ಒಂದು ಲೇಖನ ಬರದು ಕೊಡ್ರಿ" ಅಂದರು. ನಾನು ಏಳನೇ ಇಯತ್ತೆ ಕಲಿತವನು. ತೋಟ, ಗೀಗೀ ಪದ ಬಿಟ್ಟರೆ ನನಗೆ ಹತ್ತಿರದಿಂದ ಗೊತ್ತಿರುವುದು ನನ್ನ ಮಗಳ ಕೆಲಸ. ಅದನ್ನೇ ಬರೆಯುತ್ತೇನೆ.

ಮಗಳು ಬೆಳಗಾವಿಯಲ್ಲಿ ನರ್ಸಿಂಗ್ ಕಲಿತು ಫೋಂಡಾ ಕಡೆ ಒಂದು ಆಸ್ಪತ್ರೆಯ ವಾರ್ಡಿನಲ್ಲಿ 11 ವರ್ಷ ದುಡಿದಳು. ಸಲೈನ್ ಹಚ್ಚುವುದು, ಗಾಯ ತೊಳೆಯುವುದು, ರಾತ್ರಿ ಪಾಳಿ, ಎಲ್ಲ ಆಯಿತು. 2 ವರ್ಷದ ಹಿಂದೆ ಅದನ್ನು ಬಿಟ್ಟು, ಮನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆ ನೋಡಿಕೊಳ್ಳುವ ಸಂಸ್ಥೆಯಲ್ಲಿ ಮೇಲ್ವಿಚಾರಕಿ ಆದಳು. ಊರ ಮಂದಿ "ನಿನ್ನ ಮಗಳು ಸೂಜಿ ಬಿಟ್ಟು ಪೆನ್ನು ಹಿಡದ್ಲಂತ, ಬಾಯಿಸಾಹೇಬ್ ಆದ್ಲು ಬಿಡಪಾ" ಅಂದರು.

ನಮ್ಮ ಮೊಲೆಂ ಕಾಡಿನ ಅಂಚಿನ ಊರು. ದೊಡ್ಡ ಆಸ್ಪತ್ರೆ ಬೇಕೆಂದರೆ ಫೋಂಡಾ ದಾಟಿ ಬಾಂಬೋಳಿಗೆ ಹೋಗಬೇಕು. ಲಕ್ವಾ ಹೊಡೆದವರನ್ನು ಅಲ್ಲಿ ಎಷ್ಟು ದಿನ ಇಟ್ಟುಕೊಂಡಾರು? ಜೀವ ಉಳಿಸಿ ಮನೆಗೆ ಕಳಿಸುತ್ತಾರೆ. ಖರೇ ಆರೈಕೆ ಅಲ್ಲಿಂದ ಸುರುವಾಗುತ್ತದೆ.

ಮಗಳು ಹೊಸ ಮನೆಗೆ ಹೋದರೆ ಮೊದಲು ರೋಗಿಯನ್ನು ನೋಡುತ್ತಾಳೆ, ಆಮೇಲೆ ಮನೆ ನೋಡುತ್ತಾಳೆ. ಮಂಚ ಎಷ್ಟು ಎತ್ತರ, ಸಂಡಾಸ ಎಷ್ಟು ದೂರ, ಎತ್ತಿ ಕೂಡಿಸಲು ಗಟ್ಟಿ ಕೈ ಯಾರದು, ರೋಗಿಗೆ ಕನ್ನಡವೋ ಕೊಂಕಣಿಯೋ. ಒಂದು ವಹಿ ಇಡಿಸುತ್ತಾಳೆ. ಬಿ.ಪಿ., ಸಕ್ಕರೆ, ಔಷಧದ ಹೊತ್ತು, ಮಗ್ಗಲು ಹೊರಳಿಸಿದ ಹೊತ್ತು ಎಲ್ಲ ಅದರಲ್ಲಿ. ಏನು ಕಂಡರೆ ತನಗೆ ಫೋನು, ಏನು ಕಂಡರೆ ನೇರ 108ಕ್ಕೆ ಫೋನು ಅನ್ನುವುದು ಮೊದಲ ಹಾಳೆಯಲ್ಲೇ.

ಹೋದ ಮಳೆಗಾಲದಲ್ಲಿ ನಮ್ಮ ಮೇಳದ ತುಂತುಣಿಯವನಿಗೆ ಲಕ್ವಾ ಹೊಡೆಯಿತು. ಮಾತು ಹೋಯಿತು. ಒಂದು ದಿನ ಮಗಳ ಸಂಗಡ ನಾನೂ ಹೋದೆ. ವಹಿಯಲ್ಲಿ 2 ತಾಸಿಗೊಮ್ಮೆ ಹೊರಳಿಸಿದ ಗುರುತು ಸಾಲಾಗಿ ಇತ್ತು. ಮಗಳು ಅದನ್ನು ಓದಿ ಬದಿಗಿಟ್ಟು, ಅವನನ್ನು ಮಗ್ಗಲಿಗೆ ಮಾಡಿ ನೋಡಿದಳು. ಸೊಂಟದ ಕೆಳಗಿನ ಎಲುಬಿನ ಮೇಲೆ ರೂಪಾಯಿ ಅಗಲ ಕೆಂಪಾಗಿತ್ತು. ಬೆರಳಿಂದ ಒತ್ತಿ ಬಿಟ್ಟಳು. ಕೆಂಪು ಹಂಗೇ ಇತ್ತು. ಒತ್ತಿದರೂ ಬೆಳ್ಳಗಾಗದ ಕೆಂಪು ಹಾಸಿಗೆ ಹುಣ್ಣಿನ ಮೊದಲ ಮೆಟ್ಟಿಲು. ಹಂಗೇ ಬಿಟ್ಟರೆ ಎಲುಬಿನ ತನಕ ಕೊರೆಯುತ್ತದೆ.

ಆರೈಕೆಯ ಹುಡುಗಿಗೆ ಮಗಳು ಬೈಯಲಿಲ್ಲ. "ತಂಗೀ, ನೀ ಸರಿಯಾಗಿ ಮಲಗಿ ಎಷ್ಟ ದಿನ ಆತು?" ಅಂತ ಕೇಳಿದಳು. ಹುಡುಗಿ ಅತ್ತುಬಿಟ್ಟಳು. ರೊಕ್ಕ ಸಾಲದೆ ಮನೆಯವರು ರಾತ್ರಿಯವಳನ್ನು ಬಿಡಿಸಿದ್ದರು. 9 ದಿನ ಹಗಲೂ ರಾತ್ರಿಯೂ ಇವಳೊಬ್ಬಳೇ. ಸಂಸ್ಥೆಗೆ ಯಾರೂ ತಿಳಿಸಿರಲಿಲ್ಲ.

ಮಗಳು ಅಲ್ಲೇ ಕುಂತು ಹೊಸ ಪಾಳಿ ಬರೆದಳು. ಅವನ ಮಗ, ಮೇಳದವರು ನಾವು 4 ಮಂದಿ, ರಾತ್ರಿ ಹಂಚಿಕೊಂಡೆವು. ಎಳೆಯಬಾರದು, ಎಳೆದರೆ ತೊಗಲು ಕೀಳುತ್ತದೆ, ಎತ್ತಿ ಸರಿಸಬೇಕು ಅಂತ ಕೈ ಹಿಡಿದು ಕಲಿಸಿದಳು. ಕೆಲವು ದಿನಗಳಲ್ಲಿ ಕೆಂಪು ಇಳಿಯಿತು. ಕೇರಳದಲ್ಲಿ ಹೀಗೆ ನೆರೆಹೊರೆಯವರೇ ಕೂಡಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಪದ್ಧತಿ ಇದೆಯಂತೆ. 1993ರಲ್ಲಿ ಕೋಳಿಕ್ಕೋಡಿನ ವೈದ್ಯರು ಸುರು ಮಾಡಿದ ಕೆಲಸದಿಂದ ಅದು ಬೆಳೆಯಿತು ಅಂತ ಮಗಳು ಹೇಳಿದಳು.

ಗೀಗೀ ಮೇಳದಲ್ಲಿ ಮುಂದೆ ನಿಂತು ಹಾಡುವವನಿಗೆ ಶಹಬ್ಬಾಸ್ ಸಿಗುತ್ತದೆ. ಮೇಳ ನಡೆಸುವವನ ಕೆಲಸ ಬೇರೆ. ದಪ್ಪು ಸಡಿಲಾಗಿದೆಯೇ, ಯಾರ ಗಂಟಲು ಕಟ್ಟಿದೆ, ಯಾರು ಉಪವಾಸ ಬಂದಿದ್ದಾರೆ, ಅವನೇ ನೋಡಬೇಕು. ಆದರೆ ಹಾಡು ಬಾರದವನು ಮೇಳ ನಡೆಸಲಾರ. ಗಾಯ ತೊಳೆದ ಕೈಯೇ ಆ ವಹಿಯ ಸುಳ್ಳು ಓದಿದ್ದು. ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್ ಕೂಡ 1854ರ ಯುದ್ಧಕ್ಕೆ ಹೋಗಿ ಬಂದ ಮೇಲೆ ಬಹಳ ಕೆಲಸ ಮಾಡಿದ್ದು ಪೆನ್ನು ಹಿಡಿದು, ಅಂಕಿ-ಸಂಖ್ಯೆ ಬರೆದು. 1860ರಲ್ಲಿ ಲಂಡನ್ನಿನಲ್ಲಿ ನರ್ಸುಗಳ ಶಾಲೆ ತೆರೆಸಿದಳು.

ಮಗಳಿಗೆ ಸುಖ ಹೆಚ್ಚಾಯಿತೇ ಅಂದರೆ ಇಲ್ಲ. "ಅಪ್ಪಾ, ಆಗ ಸಂಜೀಕ ಕಾಲು ನೋಯತಿದ್ದುವು, ಈಗ ತಲಿ. ಕಣ್ಣ ಮುಂದಿನ ಪೇಷಂಟಿಗೆ ನಾ ಅಂಜತಿರಲಿಲ್ಲ. ಈಗ ಕಣ್ಣಿಗಿ ಕಾಣದ ಮನಿಗಳ ಅಂಜಿಕಿ" ಅನ್ನುತ್ತಾಳೆ. ರಾತ್ರಿ ಫೋನು ದಿಂಬಿನ ಕೆಳಗೇ ಇರುತ್ತದೆ.

ಓದುವವರಿಗೆ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ ದಿನಾ ಒಮ್ಮೆ ಅವರ ಬೆನ್ನು, ಹಿಮ್ಮಡಿ ನೋಡಿರಿ. ಆರೈಕೆಗೆ ಬಂದ ಹುಡುಗಿ ಉಂಡಳೋ, ಮಲಗಿದಳೋ ಅದನ್ನೂ ಕೇಳಿರಿ.