ಬೆಕ್ಕಿಗೊಂದು ಕಾರಂಜಿ

ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಟ ಕೀಳುತ್ತಿತ್ತಂತೆ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಪ್ರಾಣಿ, ಪಾಪ, ಹೆದರಿದ್ದು ಸಹಜ. ಈಗಿನ ಮನೆಗಳಲ್ಲಿ ಹಾಯಾಗಿ ಬೆಳೆದ ಬೆಕ್ಕು ನೀರಿನ ಬಟ್ಟಲು ಕಂಡರೆ ಮೂತಿ ತಿರುಗಿಸುತ್ತದೆ. ಇದರ ಕಾರಣ ಬಹಳ ಹಳೆಯದು.

ಸಾಕುಬೆಕ್ಕಿನ ಪೂರ್ವಜ ಪಶ್ಚಿಮ ಏಷ್ಯದ ಒಣನೆಲದ ಕಾಡುಬೆಕ್ಕು ಎಂಬುದನ್ನು 2007ರಲ್ಲಿ ಪ್ರಕಟವಾದ ಅನುವಂಶೀಯ ಅಧ್ಯಯನವೊಂದು ತೋರಿಸಿತು. ಅಂಥ ನೆಲದಲ್ಲಿ ಬೇಟೆಯೇ ಅದರ ನೀರಿನ ಹೂಜಿ. ಇಲಿಯ ಮೈಯಲ್ಲಿ ನೂರಕ್ಕೆ ಸುಮಾರು 70 ಪಾಲು ನೀರು. ಅದು ಪೋಲಾಗದಂತೆ ಬೆಕ್ಕಿನ ಮೂತ್ರಪಿಂಡಗಳು ಮೂತ್ರವನ್ನು ಬಹಳ ಗಾಢವಾಗಿಸಿ ಹೊರಹಾಕುತ್ತವೆ. ಇಂಥ ಪ್ರಾಣಿಯ ಮುಂದೆ ಮನುಷ್ಯ ಪೊಟ್ಟಣದ ಒಣ ಆಹಾರ ಸುರಿದ. ಅದರಲ್ಲಿ ನೀರು ನೂರಕ್ಕೆ 10 ಪಾಲಿನಷ್ಟೇ. 4 ಕಿಲೋ ತೂಗುವ ಬೆಕ್ಕಿಗೆ ಆಹಾರದ್ದೂ ಸೇರಿ ದಿನಕ್ಕೆ ಸುಮಾರು 200 ಮಿಲಿಲೀಟರ್ ನೀರು ಬೇಕು.

ನೀರು ಸಾಲದಿದ್ದರೆ ಮೂತ್ರದಲ್ಲಿ ಹರಳು ಕಟ್ಟಬಹುದು. ಗಂಡು ಬೆಕ್ಕಿನ ಮೂತ್ರನಾಳ ಬಲು ಕಿರಿದು. ಅದು ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಹೃದಯ ತಾಳತಪ್ಪಿ, ಎರಡು ಮೂರು ದಿನಗಳಲ್ಲೇ ಪ್ರಾಣ ಹೋದೀತು. ಮತ್ತೆ ಮತ್ತೆ ಕೂತು ತಿಣುಕುವ, ಮೂತ್ರ ಬಾರದೆ ನರಳುವ ಬೆಕ್ಕನ್ನು ಆ ಗಳಿಗೆಯಲ್ಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಕಾರಂಜಿಯ ಯೋಚನೆಯೆಲ್ಲ ಅಂಥ ಗಳಿಗೆ ಬರುವ ಮುಂಚಿನದು.

ಕೆಲವು ಬೆಕ್ಕುಗಳು ಬಟ್ಟಲನ್ನು ಬಿಟ್ಟು ತೊಟ್ಟಿಕ್ಕುವ ನಲ್ಲಿಗೆ ನಾಲಿಗೆ ಒಡ್ಡುತ್ತವೆ. ಅಂಥವಕ್ಕಾಗಿಯೇ ಪುಟ್ಟ ಪಂಪಿನಿಂದ ನೀರನ್ನು ಎತ್ತಿ ಹರಿಸುವ ಕಾರಂಜಿಗಳು ಮಾರುಕಟ್ಟೆಗೆ ಬಂದಿವೆ. ಹೂವಿನ ಆಕಾರ, ಬಣ್ಣದ ದೀಪಗಳಿಗೆ ಮರುಳಾಗುವವರು ಮನೆಯವರೇ ಹೊರತು ಬೆಕ್ಕಲ್ಲ. ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಇದನ್ನು ಪೂರ್ತಿ ಬಿಚ್ಚಿ ತೊಳೆಯಬಹುದೆ ಎಂಬುದು. ಹರಿಯುವ ನೀರಾದರೂ ಅದೇ ನೀರು ಸುತ್ತುತ್ತಿರುತ್ತದೆ. ಜೊಲ್ಲು, ಕೂದಲು ಸೇರಿ ಮೂಲೆಮೂಲೆಯಲ್ಲಿ ಲೋಳೆ ಕಟ್ಟುತ್ತದೆ. ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಅದು ಸುಲಭವಾಗಿ ನೆಲೆ ನಿಲ್ಲುತ್ತದೆ. ಸ್ಟೀಲು ಅಥವಾ ಪಿಂಗಾಣಿ ಲೇಸು. ಇದ್ದಿಲಿನ ಫಿಲ್ಟರ್ ವಾಸನೆ ತೆಗೆದೀತು, ತೊಳೆಯುವ ಕೆಲಸ ತಪ್ಪಿಸದು. ಕೊಳವೆಬಾವಿಯ ಗಡಸು ನೀರಿರುವ ಊರುಗಳಲ್ಲಿ ಪಂಪಿಗೆ ಬಿಳಿ ಪಾಚು ಕಟ್ಟುತ್ತದೆ. ನಿಂಬೆರಸ ಬೆರೆಸಿದ ನೀರಿನಲ್ಲಿ ನೆನೆಸಿದರೆ ಅದು ಕರಗುತ್ತದೆ. ಬಳಿಕ ಚೆನ್ನಾಗಿ ಜಾಲಾಡಿಸಬೇಕು. ಪಂಪು ಗುರ್ರೆಂದರೆ ಬೆಕ್ಕು ಹತ್ತಿರ ಸುಳಿಯದು. ಕರೆಂಟು ಹೋದಾಗಲೂ ಬಾಯಿಗೆ ನೀರು ಎಟುಕುವಂತಿರಬೇಕು. ಪಕ್ಕದಲ್ಲಿ ಹಳೆಯ ಬಟ್ಟಲೂ ಇರಲಿ.

ಆದರೆ ಕಾರಂಜಿ ತಂದೊಡನೆ ಎಲ್ಲ ಬೆಕ್ಕೂ ಹೆಚ್ಚು ಕುಡಿಯುತ್ತದೆಂಬ ನಿಯಮವಿಲ್ಲ. ಅವವುಗಳ ರುಚಿ ಅವವಕ್ಕೆ. ಆದ್ದರಿಂದ ಅಳೆದು ನೋಡುವುದೇ ಸರಿ. ಒಂದು ವಾರ ಬಟ್ಟಲಿಗೆ ಅಳೆದು ನೀರು ಹಾಕಿ, ಮರುದಿನ ಉಳಿದದ್ದನ್ನು ಅಳೆದು ಬರೆದಿಡಬೇಕು. ಮುಂದಿನ ವಾರ ಕಾರಂಜಿಯ ಸರದಿ. ಆಹಾರ ಮಾತ್ರ ಅದೇ ಇರಬೇಕು. ಕಡಮೆಯಾದ ನೀರೆಲ್ಲ ಬೆಕ್ಕಿನ ಹೊಟ್ಟೆಗೇ ಹೋಯಿತೆನ್ನುವಂತಿಲ್ಲ, ಒಂದಿಷ್ಟು ಆವಿಯಾಗಿರುತ್ತದೆ. ಬಟ್ಟಲನ್ನೂ ಕಾರಂಜಿಯನ್ನೂ ಒಂದೊಂದು ದಿನ ಬೆಕ್ಕು ಬಾರದ ಕೋಣೆಯಲ್ಲಿಟ್ಟು ಆ ಲೆಕ್ಕ ಕಳೆಯಬೇಕು. ಎರಡು ವಾರದ ಈ ಶ್ರಮ ಅಂಗಡಿಯವನ ಮಾತಿಗಿಂತ ನಂಬಿಕೆಗೆ ಯೋಗ್ಯ.

ಲೆಕ್ಕ ತಲೆಕೆಳಗಾದರೂ ನಿರಾಶೆ ಬೇಡ. ನಾಲ್ಕು ಕಡೆ ನಾಲ್ಕು ಬಟ್ಟಲಿಟ್ಟು ನೋಡಬಹುದು. ಮೀನು ಬೇಯಿಸಿದ ನೀರನ್ನು, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕಿಸದೆ, ಆಹಾರಕ್ಕೆ ಬೆರೆಸಬಹುದು. ನೂರಕ್ಕೆ 75 ಪಾಲಿಗೂ ಮೀರಿ ನೀರಿರುವ ತೇವದ ಆಹಾರ ಕೊಟ್ಟರೆ ಯಾವ ಯಂತ್ರವೂ ಇಲ್ಲದೆ ನೀರು ಒಳಗೆ ಸೇರುತ್ತದೆ; ಇಲಿ ಹಿಡಿದು ತಿಂದ ಪೂರ್ವಜರ ದಾರಿಯೂ ಅದೇ.

ಇನ್ನೊಂದು ಎಚ್ಚರ. ಆಹಾರ ಬದಲಾಗದಿದ್ದರೂ ಬೆಕ್ಕು ಇದ್ದಕ್ಕಿದ್ದಂತೆ ನೀರಿಗೆ ಮುಗಿಬಿದ್ದರೆ ಕಾರಂಜಿ ಗೆದ್ದಿತೆಂದು ಬೀಗಬಾರದು. ಸಿಹಿಮೂತ್ರಕ್ಕೂ ಮೂತ್ರಪಿಂಡದ ಸೋಲಿಗೂ ಅದೇ ಲಕ್ಷಣ. ಬರೆದಿಟ್ಟ ಅಳತೆಯ ಚೀಟಿಯನ್ನು ಆಗ ವೈದ್ಯರ ಮುಂದಿಡಬೇಕು. ಮಾತು ಬಾರದ ಪ್ರಾಣಿಯ ಪರವಾಗಿ ಅದು ಮಾತಾಡುತ್ತದೆ.