ಒಣಗದ ಹುಲ್ಲಿನ ಲೆಕ್ಕ

ಸೆಪ್ಟೆಂಬರ್ 28, ರಾತ್ರಿ

ಇಡೀ ದಿನ ಬಿಡದೆ ಮಳೆ. ಹಸ್ತ ಹೀಗೇ ಸುರಿದರೆ ಅಡಿಕೆಯ ಕೊಳೆರೋಗ ಬಿಡುವುದಿಲ್ಲ ಎಂದು ಇವರಿಗೆ ಚಿಂತೆ. ನನ್ನ ಕಣ್ಣು ತೋಡಿನ ಬದಿಯ ನೇಪಿಯರ್ ಹುಲ್ಲಿನ ಮೇಲೆ. ಆಳೆತ್ತರ ನಿಂತಿದೆ. ಹಟ್ಟಿಯ ಮೂರು ದನ ತಿಂದು ಮುಗಿಸುವಷ್ಟಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು. ಮಾರ್ಚ್‌ನಲ್ಲಿ ಇದರ ಕಾಲುಭಾಗವೂ ಇರುವುದಿಲ್ಲ.

ಸಂಜೆ ಘಟ್ಟದ ಮೇಲಿನ ಬೈಹುಲ್ಲಿನವನ ಫೋನ್. ಲಾರಿ ಬಾಡಿಗೆ ಏರಿದೆಯಂತೆ, ಈಗಲೇ ಹೇಳಿಟ್ಟರೆ ಜನವರಿಗೆ ತರುತ್ತಾನಂತೆ. ಆಮೇಲೆ ಹೇಳುತ್ತೇನೆ ಎಂದೆ.

"ಗದ್ದೆ ಇದ್ದಾಗ ಹುಲ್ಲು ಕೊಂಡವರುಂಟಾ? ಅಂಗಳದ ಬದಿಯಲ್ಲೇ ಕುತ್ತರಿ ಇರುತ್ತಿತ್ತು," ಅಂದರು ಅತ್ತೆ. ಗದ್ದೆಯೆಲ್ಲ ತೋಟವಾಗಿದೆ. ಅಡಿಕೆಮರ ಬೈಹುಲ್ಲು ಕೊಡುವುದಿಲ್ಲ.

ಅಕ್ಟೋಬರ್ 3

ರಸಮೇವಿನ ತರಬೇತಿಯಲ್ಲಿ ಬರೆದುಕೊಂಡದ್ದನ್ನು ಮತ್ತೆ ಓದಿದೆ. ಗಾಳಿ ಇಲ್ಲದ ಕಡೆ ಹುಲ್ಲನ್ನು ಒತ್ತಿ ತುಂಬಿದರೆ, ಹುಲ್ಲಿನಲ್ಲೇ ಇರುವ ಸಕ್ಕರೆಯನ್ನು ಜೀವಾಣುಗಳು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಪಿಎಚ್ 4ರ ಹತ್ತಿರಕ್ಕೆ ಇಳಿದರೆ ಬೇರೆ ಜೀವಾಣುಗಳಿಗೆ ಬದುಕಿಲ್ಲ. ಮೇವು ತಿಂಗಳುಗಟ್ಟಲೆ ಉಳಿಯುತ್ತದೆ.

ಮುಸುಕಿನ ಜೋಳಕ್ಕೆ ಇದು ಸುಲಭ. ಕಾಳು ಹಾಲುಗಟ್ಟಿ ಬಲಿಯುವ ಹೊತ್ತಿಗೆ ಕಡಿದರೆ ಒಣಾಂಶ ಶೇ. 30–35, ಸಕ್ಕರೆಯೂ ಸಾಕಷ್ಟು. ನೇಪಿಯರ್ ಹಾಗಲ್ಲ. 45–50 ದಿನಕ್ಕೆ ಕಡಿದ ನೂರು ಕಿಲೋ ಹುಲ್ಲಿನಲ್ಲಿ ಎಂಬತ್ತು ಕಿಲೋ ನೀರೇ. ಸಕ್ಕರೆ ಕಡಿಮೆ, ಮೋಡ ಮುಚ್ಚಿದ ದಿನಗಳಲ್ಲಿ ಇನ್ನೂ ಕಡಿಮೆ. ಆಮ್ಲ ಏರುವುದು ತಡವಾದರೆ ಕ್ಲಾಸ್ಟ್ರಿಡಿಯಂ ಸೇರಿಕೊಂಡು ಬ್ಯುಟಿರಿಕ್ ಆಮ್ಲ ಮಾಡುತ್ತದೆ. ಆ ನಾತಕ್ಕೆ ದನ ಮೂಗು ತಿರುಗಿಸುತ್ತದೆ. ಇನ್ನೂ ಬಲಿಯಲಿ ಎಂದು ಬಿಟ್ಟರೆ ನೀರು ಇಳಿಯುತ್ತದೆ, ಜೊತೆಗೆ ಪ್ರೋಟೀನೂ ಇಳಿದು ದಂಟು ಕಟ್ಟಿಗೆಯಾಗುತ್ತದೆ.

ಆದ್ದರಿಂದ ಬೆಲ್ಲ. ಆದ್ದರಿಂದ ಬಾಡಿಸುವುದು. ಬಾಡಿಸಲು ಬಿಸಿಲು ಎಲ್ಲಿದೆ?

ಅಕ್ಟೋಬರ್ 9

ಪೇಟೆಗೆ ಹೋಗಿ ಬಂದೆ. ಕಾಕಂಬಿ ಇಲ್ಲಿ ಸಿಗುವುದಿಲ್ಲ, ಅದು ಸಕ್ಕರೆ ಕಾರ್ಖಾನೆ ಇರುವ ಊರಿನವರಿಗೆ. ಕಪ್ಪು ಬೆಲ್ಲ ತಂದೆ. ಹುಲ್ಲಿನ ತೂಕದ ಶೇ. 2. ಹುಲ್ಲು ತುಂಬುವ ಒಂದು ಡ್ರಮ್ಮಿಗೆ ನೂರಹತ್ತು ಕಿಲೋ ಹಿಡಿಸಿದರೆ ಎರಡು ಕಿಲೋ ಚಿಲ್ಲರೆ ಬೆಲ್ಲ. ಮೇವಿನ ಕಿಲೋಗೆ ಒಂದು ರೂಪಾಯಿಯಷ್ಟು ಬೆಲ್ಲವೇ ಆಗುತ್ತದೆ. ಉಪ್ಪು ಅರ್ಧ ಕಿಲೋ. ನೀರು ಹೀರಲಿ ಎಂದು ಒಂದು ಮೂಟೆ ತವುಡೂ ತಂದೆ.

ಜೀವಾಣು ಪುಡಿಯ ಪೊಟ್ಟಣ ಫ್ರಿಜ್ಜಿನಲ್ಲಿದೆ. ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್. ಒಂದೊಂದು ಗ್ರಾಂ ಹುಲ್ಲಿಗೆ ಒಂದು ಲಕ್ಷ ಜೀವಾಣು ಬೀಳಬೇಕಂತೆ. ಕ್ಲೋರಿನ್ ಹಾಕಿದ ನೀರಾಗದು, ಬಿಸಿನೀರಾಗದು. ಬಾವಿ ನೀರು ಇದೆಯಲ್ಲ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದ ಪಂಪಿನಲ್ಲಿ ಮಾತ್ರ ಚಿಮುಕಿಸಬಾರದು. ಎಷ್ಟು ತೊಳೆದರೂ ಮೈಲುತುತ್ತ ಉಳಿದಿರುತ್ತದೆ, ಜೀವಾಣು ಸಾಯುತ್ತವೆ. ಮುಚ್ಚಳಕ್ಕೆ ತೂತು ಹಾಕಿದ ಬಾಟಲಿ ಸಾಕು.

ಹಾಲಿನ ಸೊಸೈಟಿಯಲ್ಲಿ ಒಬ್ಬರು ಯೂರಿಯಾ ಹಾಕಿ ಅಂದರು. ಅದು ಪ್ರೋಟೀನ್ ಕಡಿಮೆ ಇರುವ ಜೋಳದ ಮೇವಿಗೆ. ಒದ್ದೆ ಹುಲ್ಲಿನಲ್ಲಿ ಯೂರಿಯಾ ಅಮೋನಿಯ ಆಗಿ ಹುಳಿ ಏರುವುದನ್ನೇ ತಡೆಯುತ್ತದೆ. ಬೇಡ.

ಅದೇ ದಿನ, ರಾತ್ರಿ 10

ಊಟದ ಹೊತ್ತಿಗೆ ಇವರ ಸಲಹೆ: "ಇಷ್ಟೆಲ್ಲ ಯಾಕೆ? ರಬ್ಬರಿಗೆ ಹಾಕುವ ಫಾರ್ಮಿಕ್ ಆಸಿಡ್ ಇದೆಯಲ್ಲ."

ತಪ್ಪು ಮಾತಲ್ಲ. ಚಳಿದೇಶಗಳಲ್ಲಿ ಒದ್ದೆ ಹುಲ್ಲಿಗೆ ಹಾಕುವುದು ಅದನ್ನೇ, ಟನ್ನಿಗೆ ಎರಡು ಮೂರು ಲೀಟರ್. ಜೀವಾಣು ಆಮ್ಲ ಮಾಡುವವರೆಗೆ ಕಾಯದೆ ನಾವೇ ಆಮ್ಲ ಸುರಿಯುವುದು. ಹಾಗೆ ಮಾಡಿ ತೋರಿಸಿದ್ದು ಫಿನ್ಲೆಂಡಿನ ವಿರ್ಟಾನೆನ್, 1920ರ ದಶಕದ ಕೊನೆಯಲ್ಲಿ. ಹೈಡ್ರೋಕ್ಲೋರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲ ಬೆರೆಸಿ ಪಿಎಚ್ 4ಕ್ಕಿಂತ ಕೆಳಗೆ ಇಳಿಸಿದರು. ಅವರ ಹೆಸರಿನ ಮೊದಲಕ್ಷರಗಳಿಂದ ಅದು ಎಐವಿ ಮೇವು. 1945ರಲ್ಲಿ ರಸಾಯನಶಾಸ್ತ್ರದ ನೊಬೆಲ್. ದನದ ಮೇವು ಕಾಪಾಡಿದ್ದಕ್ಕೆ ನೊಬೆಲ್! ಓದಿದಾಗ ಎದೆ ತುಂಬಿತ್ತು, ಈಗಲೂ ತುಂಬುತ್ತದೆ.

ಅವರದು ಹಿಮದ ಊರು, ನಮ್ಮದು ಮಳೆಯ ಊರು. ಕಷ್ಟ ಒಂದೇ. ಹುಲ್ಲು ಬೆಳೆಯುವ ಕಾಲದಲ್ಲಿ ಒಣಗುವುದಿಲ್ಲ, ಒಣಗುವ ಕಾಲದಲ್ಲಿ ಬೆಳೆಯುವುದಿಲ್ಲ.

ಆದರೂ ಇವರಿಗೆ ಬೇಡ ಅಂದೆ. ಆ ಕ್ಯಾನು ರಬ್ಬರ್ ಹಾಲು ಹೆಪ್ಪುಗಟ್ಟಿಸಲಿಕ್ಕೆ ತಂದದ್ದು. ದನ ತಿನ್ನಬಹುದಾದ ದರ್ಜೆಯದೋ ಅಲ್ಲವೋ ಕ್ಯಾನಿನ ಮೇಲೆ ಬರೆದಿಲ್ಲ. ಹುಲ್ಲು ತುಳಿದು ತುಂಬುವವರ ಕಾಲು ಸುಡುವ ಹೆದರಿಕೆ ಬೇರೆ. ಇವರು ಮುಂದೆ ಮಾತಾಡಲಿಲ್ಲ. ಸ್ವಲ್ಪ ಬೇಸರವಾಗಿರಬೇಕು.

ಅಕ್ಟೋಬರ್ 12, ಬೆಳಿಗ್ಗೆ 6

ಚಿತ್ತಾ ಮಳೆಯ ಲೆಕ್ಕ ಶುರುವಾಗಿದೆ. ಆಕಾಶ ಮಾತ್ರ ತೊಳೆದಿಟ್ಟಂತಿದೆ. ಬಿಸಿಲು ಕುಡಿದ ಹುಲ್ಲಿನಲ್ಲಿ ಮಧ್ಯಾಹ್ನದ ಮೇಲೆ ಸಕ್ಕರೆ ಹೆಚ್ಚು, ಆಗ ಕಡಿಯುವುದು ಒಳ್ಳೆಯದು ಎಂದು ಪುಸ್ತಕ. ಮಧ್ಯಾಹ್ನದ ಮೇಲೆ ಇಲ್ಲಿ ಗುಡುಗು. ಪುಸ್ತಕ ಪಕ್ಕಕ್ಕಿಟ್ಟೆ. ಇಬ್ಬನಿ ಆರಿದ ಕೂಡಲೇ ಕತ್ತಿ.

ಅದೇ ದಿನ, ಮಧ್ಯಾಹ್ನ 2

ಬುಡದಿಂದ ಅರ್ಧ ಅಡಿ ಬಿಟ್ಟು ಕೊಯ್ದದ್ದಾಯಿತು. ಮಣ್ಣು, ಸಗಣಿ ತಾಗಿದರೆ ಅದರೊಟ್ಟಿಗೆ ಕ್ಲಾಸ್ಟ್ರಿಡಿಯಂ ಬೀಜಾಣುಗಳೂ ಬರುತ್ತವೆ. ಅಡಿಕೆ ಅಂಗಳ ಇನ್ನೂ ಖಾಲಿ, ಅಲ್ಲೇ ತೆಳ್ಳಗೆ ಹರವಿದೆವು. ಮಗುಚಿ ಮಗುಚಿ ಸೊಂಟ ಹೋಗಿದೆ. ಎಲೆ ಸುರುಟಿತು, ದಂಟು ಇನ್ನೂ ಹಸಿ.

ಒಂದು ಹಿಡಿ ಕತ್ತರಿಸಿ ಮುಷ್ಟಿಯಲ್ಲಿ ಹಿಂಡಿದೆ. ನೀರು ತೊಟ್ಟಿಕ್ಕಲಿಲ್ಲ. ಬಿಟ್ಟರೆ ಉಂಡೆ ಉಂಡೆಯಾಗಿಯೇ ನಿಂತಿತು. ಮೆಲ್ಲನೆ ಬಿಚ್ಚಿಕೊಂಡು ಅಂಗೈ ಬರೀ ತೇವವಾದರೆ ಸರಿ. ಇನ್ನೂ ಎರಡು ಗಂಟೆ ಬೇಕು. ಮೂಡಣ ದಿಕ್ಕು ಕಪ್ಪಾಗುತ್ತಿದೆ.

ಅದೇ ದಿನ, ರಾತ್ರಿ

ಕಾಯಲಿಲ್ಲ. ಮೂರಕ್ಕೇ ಹುಲ್ಲು ಕತ್ತರಿಸುವ ಯಂತ್ರ ಶುರು. ಅರ್ಧ ಇಂಚಿನಿಂದ ಒಂದು ಇಂಚು, ಅದಕ್ಕಿಂತ ಉದ್ದ ಬಿಡಲಿಲ್ಲ. ದಪ್ಪ ದಂಟು ಒತ್ತಿದಷ್ಟೂ ಮತ್ತೆ ಏಳುತ್ತದೆ, ಎಡೆಯಲ್ಲಿ ಗಾಳಿ ಉಳಿಯುತ್ತದೆ. ಒಂದು ಪದರ ಹುಲ್ಲು, ಮೇಲೆ ಬೆಲ್ಲದ ನೀರು, ಮತ್ತೆ ತುಳಿತ. ಕೆಲಸದ ಅಕ್ಕ ಡ್ರಮ್ಮಿನೊಳಗೇ ಇಳಿದು ತುಳಿದರು. ಅವರ ಹೆಜ್ಜೆಗೆ ಹುಲ್ಲು ಕೂರುವ ಹಾಗೆ ನನ್ನ ಹೆಜ್ಜೆಗೆ ಕೂರುವುದಿಲ್ಲ.

ಡ್ರಮ್ಮುಗಳ ಮೇಲೆ ಪೈಂಟಿನ ಗುರುತು: "ಬೆ" ಬರೀ ಬೆಲ್ಲ. "ಬೆಜೀ" ಬೆಲ್ಲ ಮತ್ತು ಜೀವಾಣು. "ತ" ಬೆಲ್ಲ ಮತ್ತು ತವುಡು. "ಖಾ" ಏನೂ ಹಾಕದ್ದು.

ನಾಲ್ಕೂವರೆಗೆ ಮಳೆ ಬಿದ್ದೇ ಬಿತ್ತು. ಅಂಗಳದಲ್ಲಿ ಉಳಿದಿದ್ದ ಹುಲ್ಲು ಟಾರ್ಪಾಲು ಎಳೆಯುವಷ್ಟರಲ್ಲಿ ನೆನೆಯಿತು. ಬಿಸಾಡಲು ಮನಸ್ಸು ಬರಲಿಲ್ಲ. ಬೆಲ್ಲ ಒಂದಿಷ್ಟು ಹೆಚ್ಚೇ ಹಾಕಿ ತುಂಬಿಸಿದೆ. ಅದಕ್ಕೆ "ಮ" ಎಂದು ಗುರುತು.

ಅತ್ತೆ ಚಾವಡಿಯಲ್ಲಿ ಕುಳಿತು ನೋಡುತ್ತಿದ್ದರು. "ಇದು ನಮ್ಮ ಹಲಸಿನ ಉಪ್ಪುಸೊಳೆಯ ಹಾಗೇ ಅಲ್ಲವಾ? ಭರಣಿಗೆ ಒತ್ತಿ ತುಂಬಿಸಿ ಮೇಲೆ ಕಲ್ಲು ಹೇರುವುದು. ಗಾಳಿ ಹೋದರೆ ಹೋಯಿತು," ಅಂದರು. ಅವರು ಹೇಳಿದ ಮೇಲೆ ಪ್ರತಿ ಡ್ರಮ್ಮಿನೊಳಗೂ ಪ್ಲಾಸ್ಟಿಕ್ಕಿನ ಮೇಲೆ ಒಂದು ಕಲ್ಲು ಹೇರಿ ಮುಚ್ಚಳ ಬಿಗಿದೆವು.

ಅಕ್ಟೋಬರ್ 15

ಮುಚ್ಚಳಗಳು ಉಬ್ಬಿವೆ. ಒಳಗೆ ಅನಿಲ. ಹೆದರುವಂಥದ್ದಲ್ಲವಂತೆ. ಆದರೆ ಮೊದಲ ದಿನಗಳಲ್ಲಿ ತೆರೆದು ಮುಖ ಒಡ್ಡಬಾರದು, ಕಂದು ಬಣ್ಣದ ವಿಷಾನಿಲವೂ ಹುಟ್ಟುವುದುಂಟು. ಮಗನಿಗೆ ಫೋನಿನಲ್ಲಿ ಹೇಳಿದೆ. "ಅಮ್ಮಾ, ದನ ಮಾರಿಬಿಡಿ. ಇಷ್ಟು ಕಷ್ಟ ಯಾರಿಗೆ?" ಅವನು ಪ್ರತಿ ಸಲ ಹೇಳುವುದು. ಈ ಸಲ ಕೋಪ ಬರಲಿಲ್ಲ. ಉತ್ತರವೂ ಬರಲಿಲ್ಲ.

"ಮ" ಡ್ರಮ್ಮಿನ ಅಡಿಯಿಂದ ಕಂದು ರಸ ಜಿನುಗುತ್ತಿದೆ. ಬೆಲ್ಲವೂ ಅದರೊಟ್ಟಿಗೇ ಹೋಗುತ್ತಿದೆ.

ಅಕ್ಟೋಬರ್ 24

ಮೇಲಿನ ಗುಡ್ಡೆಯ ಹುಲ್ಲು ಇವತ್ತು. ಎಷ್ಟೋ ದಿನಗಳ ಮೇಲೆ ಸಂಜೆಯವರೆಗೆ ಒಂದೇ ಸಮನೆ ಬಿಸಿಲು. ಮುಷ್ಟಿ ಬಿಚ್ಚಿದರೆ ಉಂಡೆ ತಾನಾಗಿ ಸಡಿಲಿತು. ಕೊನೆಯ ಎರಡು ಡ್ರಮ್ಮಿಗೆ ಬರುವಾಗ ಬೆಲ್ಲ ಮುಗಿದಿತ್ತು. ಬೆಲ್ಲವಿಲ್ಲದೆ, ಉಪ್ಪು ಮಾತ್ರ ಹಾಕಿ ಮುಚ್ಚಿದೆ.

ನವೆಂಬರ್ 2

ಗೋಪೂಜೆ. ಗೌರಿಗೆ, ಕೆಂಪಿಗೆ, ಕರಿಯಕ್ಕನಿಗೆ ಚೆಂಡುಹೂವಿನ ಮಾಲೆ. ಗೌರಿಗೆ ವಯಸ್ಸಾಯಿತು. ಮಾಲೆ ಹಾಕುವಾಗ ಕುತ್ತಿಗೆಯ ಎಲುಬು ಕೈಗೆ ತಾಗಿತು. ಇವತ್ತು ಡ್ರಮ್ಮಿನ ಕಡೆ ಹೋಗಲಿಲ್ಲ.

ಡಿಸೆಂಬರ್ 4

ತೆರೆದೆವು.

"ಬೆ": ಹಸಿರು ಹೋಗಿ ಹಳದಿ ಬಣ್ಣಕ್ಕೆ ತಿರುಗಿದೆ. ಹುಳಿಯ ಒಳ್ಳೆಯ ವಾಸನೆ. ರಸ ಹಿಂಡಿ ಪಿಎಚ್ ಕಾಗದ ಅದ್ದಿದರೆ 4.2ರ ಬಣ್ಣ. "ಬೆಜೀ": 4. ಎಲೆಯ ಆಕಾರ ಕೂಡ ಹಾಳಾಗಿಲ್ಲ. "ತ": ಬೆಲ್ಲದ್ದರ ಹಾಗೇ, ಅಡಿಯಲ್ಲಿ ಒಂದು ಹನಿ ರಸ ನಿಂತಿಲ್ಲ. "ಖಾ": 5ರ ಹತ್ತಿರ. ಕೊಳೆತಿಲ್ಲ, ಆದರೆ ಮೂಗಿಗೆ ಹೊಡೆಯುತ್ತದೆ. ಮೇಲೆ ಒಂದು ಬೆರಳು ದಪ್ಪ ಬಿಳಿ ಬೂಷ್ಟು. ಅದನ್ನು ತೆಗೆದು ಗೊಬ್ಬರದ ಗುಂಡಿಗೆ ಹಾಕಿದೆ. ಬೂಷ್ಟು ಬಂದದ್ದನ್ನು ಗಬ್ಬದ ದನಕ್ಕೆ ಕೊಟ್ಟರೆ ಕಂದು ಹಾಕುವ ಅಪಾಯವಿದೆ.

ಬೆಲ್ಲ ಗೆದ್ದಿತು ಎಂದು ಬರೆಯಬೇಕೆನಿಸುತ್ತದೆ. ಆದರೆ ಅಂದು ಇವುಗಳಲ್ಲಿ "ಖಾ" ತುಂಬಿದ್ದು ಕೊನೆಗೆ. ಕತ್ತರಿಸಿದ ಹುಲ್ಲು ರಾಶಿಯಲ್ಲೇ ಬೆಚ್ಚಗಾಗಿತ್ತು. ಬೆಲ್ಲ ಇಲ್ಲದ್ದಕ್ಕೋ, ತಡವಾದ್ದಕ್ಕೋ?

ಡಿಸೆಂಬರ್ 5

ಕೆಂಪಿ ಮೂಸಿ ನೋಡಿ ಬಾಯಿ ಹಾಕಿತು. ಕರಿಯಕ್ಕ ಬಾಣಲೆ ದೂಡಿತು, ಆಮೇಲೆ ಕೆಂಪಿಯದಕ್ಕೆ ಬಾಯಿ ಚಾಚಿತು. ಗೌರಿ ಮುಟ್ಟಲಿಲ್ಲ. ಮೊದಲ ದಿನ ಮೂರು ಮೂರು ಕಿಲೋ, ಹಾಲು ಕರೆದ ಮೇಲೆಯೇ. ಮೊದಲೇ ಹಾಕಿದರೆ ಹಾಲಿಗೆ ವಾಸನೆ ಬರುತ್ತದೆ.

ಡಿಸೆಂಬರ್ 13

ಈಗ ಹನ್ನೆರಡು ಕಿಲೋ ತಿನ್ನುತ್ತಿವೆ. ಗೌರಿಯೂ. ಸೊಸೈಟಿಯಲ್ಲಿ ಫ್ಯಾಟು ಇಳಿದಿಲ್ಲ. ಹಾಲು ತುಸು ಏರಿದ ಹಾಗಿದೆ. ಚಳಿಗೋ, ಮೇವಿಗೋ ಗೊತ್ತಿಲ್ಲ. ಹಿಂಡಿ ಒಂದು ಸೇರು ಕಡಿಮೆ ಮಾಡಿ ನೋಡೋಣ ಅಂದರು ಇವರು. ಮನಸ್ಸಾಗಲಿಲ್ಲ.

ಜನವರಿ 11

ಅಡಿಕೆ ಕೊಯ್ಲು. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಕೆಲಸದ ನಡುವೆ "ಮ" ತೆರೆದೆ. ಮುಚ್ಚಳ ಸಡಿಲಿಸುವಾಗಲೇ ತಿಳಿಯಿತು. ಕಪ್ಪು, ಲೋಳೆ, ಕೈ ತೊಳೆದರೂ ಬಿಡದ ನಾತ. ಎಲ್ಲರಿಗಿಂತ ಹೆಚ್ಚು ಬೆಲ್ಲ ಕುಡಿದ ಡ್ರಮ್ಮು ಇದೇ. ಇಡೀ ಡ್ರಮ್ಮು ಗೊಬ್ಬರಕ್ಕೆ. ಅತ್ತೆ ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಬೈಹುಲ್ಲಿನವನಿಗೆ ಅರ್ಧ ಲೋಡು ತಾ ಅಂದೆ.

ಮಾರ್ಚ್ 17

ಸೆಕೆ. ತೋಡು ಬತ್ತಿದೆ. ನೇಪಿಯರ್ ಮೊಣಕಾಲುದ್ದಕ್ಕೇ ನಿಂತುಬಿಟ್ಟಿದೆ. ಸುತ್ತಲಿನ ಮನೆಗಳಲ್ಲಿ ದನಕ್ಕೆ ಅಡಿಕೆಹಾಳೆ ಕತ್ತರಿಸಿ ಹಾಕುತ್ತಿದ್ದಾರೆ. ಈಚೆಮನೆಯವರು ತಮ್ಮ ಜರ್ಸಿಯನ್ನು ಮೊನ್ನೆ ಕೊಟ್ಟುಬಿಟ್ಟರು. ಟೆಂಪೋ ಹತ್ತುವಾಗ ಅದು ಕೂಗಿದ್ದು ನಮ್ಮ ಹಟ್ಟಿಗೂ ಕೇಳಿತು.

ತೆರೆದ ಡ್ರಮ್ಮು ಮೂರೇ ದಿನಕ್ಕೆ ಖಾಲಿಯಾಗುತ್ತದೆ, ಅದು ಒಳ್ಳೆಯದೇ. ಈ ಬಿಸಿಗೆ ಗಾಳಿ ತಾಗಿದ ಮೇವು ಬೇಗ ಕಾಯುತ್ತದೆ, ಯೀಸ್ಟು ಏಳುತ್ತದೆ. ದೊಡ್ಡ ಗುಂಡಿ ತೋಡಿಸಿದ್ದರೆ ಮೂರು ದನಕ್ಕೆ ದಿನಕ್ಕೊಂದು ಪದರ ತೆಗೆದು ಮುಗಿಸಲು ಆಗುತ್ತಿರಲಿಲ್ಲ.

ಏಪ್ರಿಲ್ 6

ಅಕ್ಟೋಬರ್ 24ರ ಬೆಲ್ಲವಿಲ್ಲದ ಡ್ರಮ್ಮು ಇವತ್ತು ತೆರೆದದ್ದು. ಇದನ್ನೇ ಕೊನೆಗೆ ಉಳಿಸಿಕೊಂಡಿದ್ದೆ, ಹೆದರಿಕೆಯಿಂದ. ಪಿಎಚ್ 4.3. ವಾಸನೆ ಶುದ್ಧ. ಬೂಷ್ಟಿಲ್ಲ. ಕಾಗದ ಮತ್ತೊಮ್ಮೆ ಅದ್ದಿದೆ. ಅದೇ ಬಣ್ಣ.

ಹಾಗಾದರೆ ಒಂದು ದಿನದ ಬಿಸಿಲು ಎರಡು ಕಿಲೋ ಬೆಲ್ಲದ ಕೆಲಸ ಮಾಡಿತೇ? "ಮ" ಡ್ರಮ್ಮಿನಲ್ಲಿ ಮೂರು ಕಿಲೋ ಬೆಲ್ಲಕ್ಕೂ ಮಳೆಯ ನೀರನ್ನು ಮೀರಲಾಗಲಿಲ್ಲ. ನಡುವಿನವುಗಳಲ್ಲಿ, ಅರೆಬಾಡಿದ ಹುಲ್ಲಿನಲ್ಲಿ, ಬೆಲ್ಲ ಕೈಹಿಡಿದದ್ದು ನಿಜ. ಜೀವಾಣು ಇನ್ನೊಂದು ಹೆಜ್ಜೆ ಮುಂದೆ. ಆ ಒಂದು ಹೆಜ್ಜೆಗೆ ಪೊಟ್ಟಣದ ದುಡ್ಡು ಸರಿಯೇ? ಒಂದು ವರ್ಷದ ಡ್ರಮ್ಮುಗಳಿಂದ ಹೇಳಲಾರೆ.

ಏಪ್ರಿಲ್ 7

ಆಚೆಮನೆಯ ಅಕ್ಕ ಕೇಳಲು ಬಂದಿದ್ದರು. "ಎಷ್ಟು ಬೆಲ್ಲ ಹಾಕಿದ್ದು ನೀವು?" ಎಲ್ಲರೂ ಮೊದಲು ಕೇಳುವುದು ಅದನ್ನೇ. ನಾನು ಒಂದು ಹಿಡಿ ಹುಲ್ಲು ಕತ್ತರಿಸಿ ಕೈಗೆ ಕೊಟ್ಟೆ, "ಮೊದಲು ಇದನ್ನು ಹಿಂಡಿ ನೋಡಿ ಅಕ್ಕಾ. ಬೆಲ್ಲದ ಲೆಕ್ಕ ಆಮೇಲೆ."

ಅವರು ಹೋದ ಮೇಲೆ ಇವರ ಜೊತೆ ಕೂತು ಮಾತಾಡಿದೆ. ಅಕ್ಟೋಬರ್‌ವರೆಗೆ ಕಾದರೆ ಜುಲೈ, ಆಗಸ್ಟಿನ ಹುಲ್ಲೆಲ್ಲ ಬಲಿತು ಹಾಳು. ಆಗ ಬಿಸಿಲೆಂಬುದೇ ಇಲ್ಲ. ಆ ಕೊಯ್ಲಿಗೆ ಬೆಲ್ಲ, ತವುಡು ಎರಡೂ ಬೇಕು, ಹರವಲು ಮಾಡಿನ ಕೆಳಗೆ ಜಾಗ ಬೇಕು. ಫಾರ್ಮಿಕ್ ಆಸಿಡ್, ಮೇವಿನ ದರ್ಜೆಯದು ಸಿಕ್ಕಿದರೆ? "ವಿಚಾರಿಸುತ್ತೇನೆ," ಅಂದರು. ಈ ಸಲ ನಾನು ಬೇಡ ಅನ್ನಲಿಲ್ಲ, ಕೈಗವಸು, ಬೂಟು ಮೊದಲು ಬರಲಿ ಅಂದೆ.

ಅಡಿಕೆ ಒಣಗಿಸುವ ಸೋಲಾರ್ ಮನೆ ಜೂನ್‌ನಿಂದ ಖಾಲಿ. ಪ್ಲಾಸ್ಟಿಕ್ ಮಾಡು, ಎರಡು ಬದಿ ತೆರೆದರೆ ಗಾಳಿ ಆಡುತ್ತದೆ. ಜೂನ್ ಕೊನೆಯ ಕೊಯ್ಲಿನಲ್ಲಿ ಒಂದು ಹೊರೆ ಹುಲ್ಲು ಅಲ್ಲಿ ಹರವಿ, ತೂಕ ಎಷ್ಟು ಇಳಿಯುತ್ತದೆ ನೋಡಬೇಕು.