ಮಗ್ಗದ ಗುಂಡಿ

ಉಡುಮಲೈಪೇಟೆ ಎಂದೊಡನೆ ಕನ್ನಡದ ಕಿವಿಗೆ ಮೊದಲು ತಾಗುವುದು ‘ಉಡು’ ಎಂಬ ಮಾತು. ಊರಿನ ಹೆಸರಿನ ಮೂಲ ಏನೇ ಇರಲಿ, ಪೇಟೆಯ ಅಂಚಿನ ನೇಕಾರರ ಬೀದಿಯಲ್ಲಿರುವ ದೇವಾಂಗ ವೃದ್ಧರೊಬ್ಬರಿಗೆ ಅದು ತಮ್ಮ ಕಸುಬಿಗೇ ಸಂದ ಹೆಸರೆಂಬ ಅಭಿಮಾನ. ಅವರ ಮನೆಮಾತು ಕನ್ನಡ, ಓದುಬರಹ ತಮಿಳು, ಕುಲದೇವತೆ ಚೌಡೇಶ್ವರಿ. ಮನುಷ್ಯರ ಮಾನ ಮುಚ್ಚಲು ದೇವಲ ಮಹರ್ಷಿ ನೂಲು ತಂದ ಕಥೆಯನ್ನು ಅವರು ಮೊಮ್ಮಗಳಿಗೆ ಹೇಳಿದ್ದು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತೇ.

ಈಗ ಆ ಗುಂಡಿಯನ್ನು ಮುಚ್ಚುವ ಮಾತು ಮನೆಯಲ್ಲಿ ನಡೆದಿದೆ. ಮೊಮ್ಮಗಳು ನಸುಕಿನಲ್ಲೇ ಎದ್ದು, ಕಂಪನಿಯ ಬಸ್ಸಿನಲ್ಲಿ ಸುಮಾರು 60 ಕಿಲೋಮೀಟರ್ ದೂರದ ತಿರುಪ್ಪೂರಿಗೆ ಹೋಗುತ್ತಾಳೆ. ಹೊಲಿದು ಬಂದ ಬನಿಯನ್ನುಗಳಲ್ಲಿ ಎಳೆ ಬಿಟ್ಟಿದೆಯೇ, ಕಲೆ ಉಳಿದಿದೆಯೇ ಎಂದು ಪರೀಕ್ಷಿಸುವುದು ಅವಳ ಕೆಲಸ. ಆ ಮನೆಗೆ ತಿಂಗಳು ತಿಂಗಳೂ ತಪ್ಪದೆ ಸಂಬಳವೆಂಬುದು ಬಂದದ್ದು ಅವಳಿಂದಲೇ ಮೊದಲು. ಅವಳಿಗೊಂದು ಕೋಣೆ ಬೇಕು. ಮನೆಯಲ್ಲಿ ತೆರವಾಗಬಹುದಾದ ಜಾಗ ಮಗ್ಗದ್ದೊಂದೇ. ವೃದ್ಧರು ಬೇಡವೆನ್ನಲಿಲ್ಲ. “ಆ ಕೆಲಸ ಎಷ್ಟು ದಿನ ಇದ್ದೀತು?” ಎಂದಷ್ಟೇ ಕೇಳಿದರು.

ಇದು ಹಳಬರ ಹಟದ ಪ್ರಶ್ನೆಯಲ್ಲ. ಸರ್ಕಾರದ ಒಂದೊಂದು ತೀರ್ಮಾನವೂ ಅವರ ಒಲೆಯವರೆಗೆ ಬಂದು ಮುಟ್ಟಿದೆ. 1982ರಲ್ಲಿ ಎಂ.ಜಿ.ಆರ್. ಸರ್ಕಾರ ಆರಂಭಿಸಿದ ಪೌಷ್ಟಿಕ ಊಟವನ್ನು ಅವರ ಮಗ ಶಾಲೆಯಲ್ಲಿ ಉಂಡ. ಮರುವರ್ಷ ಪೊಂಗಲಿಗೆ ಬಡವರಿಗೆ ಉಚಿತ ಧೋತಿ, ಸೀರೆ ಹಂಚುವ ಯೋಜನೆ ಬಂದು ಮಗ್ಗಗಳಿಗೆ ಕೆಲಸ ಸಿಕ್ಕಿತು. ಉಡುವವರೂ ಬಡವರು, ನೇಯುವವರೂ ಬಡವರು. ನಡುವೆ ಸರ್ಕಾರ ಗಿರಾಕಿಯಾಗಿ ನಿಂತಿತು. 1985ರ ಕೇಂದ್ರ ಕಾಯಿದೆ 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು. ಆ ಪಟ್ಟಿ ಮುಂದೆ 11ಕ್ಕೆ ಇಳಿಯಿತು. ಮೀಸಲಾದದ್ದನ್ನೂ ವಿದ್ಯುತ್ ಮಗ್ಗಗಳು ರಾತ್ರಿಯಿಡೀ ನೇಯ್ದವು. ರಕ್ಷಣೆ ಕಾಗದದಲ್ಲಿ ಉಳಿಯಿತು, ಕೂಲಿ ಇದ್ದಲ್ಲೇ ಉಳಿಯಿತು.

ತಮ್ಮ ನೇಕಾರರನ್ನು ಕಾಯುವ ಈ ಉಪಾಯ ಬಡ ದೇಶಗಳು ಕಂಡುಹಿಡಿದದ್ದಲ್ಲ. ತನ್ನ ಉಣ್ಣೆ, ರೇಷ್ಮೆಯ ನೇಕಾರರಿಗಾಗಿ ಇಂಗ್ಲೆಂಡು 1721ರಲ್ಲಿ ಅಚ್ಚಿನ ಹತ್ತಿಬಟ್ಟೆಯನ್ನು ಪ್ರಜೆಗಳು ಉಡುವುದನ್ನೇ ನಿಷೇಧಿಸಿತು. ಸ್ವಂತ ಹತ್ತಿ ಉದ್ಯಮ ಬೇರೂರತೊಡಗಿದ ಮೇಲೆ, 1774ರಲ್ಲಿ, ಆ ನಿಷೇಧವನ್ನು ತೆಗೆಯಿತು. ಮುಕ್ತ ವ್ಯಾಪಾರದ ಉಪದೇಶ ಬಂದದ್ದು ಆಮೇಲೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಆ ಉಪದೇಶವೂ ಅನುಕೂಲಕ್ಕೆ ತಕ್ಕಂತೆ ಬಾಗಿತು. 1974ರಿಂದ 2004ರ ಕೊನೆಯವರೆಗೆ, ಬಡ ದೇಶಗಳ ಜವಳಿ ತಮ್ಮಲ್ಲಿಗೆ ಎಷ್ಟು ಬರಬೇಕೆಂಬುದನ್ನು ಶ್ರೀಮಂತ ದೇಶಗಳು ಕೋಟಾಗಳಿಂದ ಅಳೆದು ಕೊಟ್ಟವು. ಕೋಟಾ ಹೋದ ಮೇಲೆ ತಿರುಪ್ಪೂರು ಬೆಳೆಯಿತು. ಆದರೆ ಸುಂಕ ಉಳಿಯಿತು. 2001ರಿಂದ ಬಾಂಗ್ಲಾದೇಶದಂಥ ಅತಿ ಹಿಂದುಳಿದ ದೇಶಗಳ ಸರಕಿಗೆ ಯುರೋಪು ಸುಂಕವಿಲ್ಲದೆ ಬಾಗಿಲು ತೆರೆದಾಗ, ಭಾರತದ ಉಡುಪು ಸುಂಕ ತೆತ್ತೇ ಒಳಹೋಗಬೇಕಾಯಿತು. ಢಾಕಾದಲ್ಲಿ ಹೊಲಿಯುವ ಹುಡುಗಿಗೂ ತಿರುಪ್ಪೂರಿನ ಹುಡುಗಿಗೂ ಹಸಿವು ಒಂದೇ. ಅವರಿಬ್ಬರನ್ನು ಸ್ಪರ್ಧೆಗೆ ನಿಲ್ಲಿಸಿದ ಕೈ ಮಾತ್ರ ದೂರದ್ದು.

ಬೆಳವಣಿಗೆಯ ಇನ್ನೊಂದು ಲೆಕ್ಕವನ್ನು ನೊಯ್ಯಲ್ ನದಿ ಇಟ್ಟಿದೆ. ನೀರಾವರಿಗೆಂದು ಕಟ್ಟಿದ ಒರತ್ತುಪಾಳೆಯಂ ಅಣೆಕಟ್ಟಿನಲ್ಲಿ ನಿಂತದ್ದು ಬಣ್ಣದ ಕಾರ್ಖಾನೆಗಳ ಕೊಳೆನೀರು. 2011ರಲ್ಲಿ ಮದ್ರಾಸ್ ಹೈಕೋರ್ಟು ಆ ಕಾರ್ಖಾನೆಗಳನ್ನು ಮುಚ್ಚಿಸಬೇಕಾಯಿತು. ದೂರದ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ ಅಂಗಿಯ ಬೆಲೆಯಲ್ಲಿ ಈ ನದಿಯ ಪಾಲು ಸೇರಿರಲಿಲ್ಲ.

2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಸರಕಿನ ಮೇಲಿನ ಹೆಚ್ಚುವರಿ ಸುಂಕವನ್ನು ಶೇಕಡಾ 50ಕ್ಕೆ ಏರಿಸಿತು. ಸುಂಕದ ಕಾರಣ ಬಟ್ಟೆಯಾಗಿರಲಿಲ್ಲ. ರಷ್ಯಾದಿಂದ ಭಾರತ ಕೊಂಡ ಎಣ್ಣೆಯೂ ಅದರೊಳಗೆ ಸೇರಿತ್ತು. ಎಣ್ಣೆಗೂ ಬನಿಯನ್ನಿಗೂ ಏನು ಸಂಬಂಧವೆಂದು ನೇಕಾರರ ಬೀದಿಯಲ್ಲಿ ಯಾರಿಗೂ ಬಿಡಿಸಿ ಹೇಳಲಾಗಲಿಲ್ಲ. ಮೊದಲು ಮೊಮ್ಮಗಳ ಓವರ್‌ಟೈಮ್ ನಿಂತಿತು. ಆಮೇಲೆ ವಾರಕ್ಕೆ ಎರಡು ದಿನ ಬಸ್ಸು ಬರಲಿಲ್ಲ.

ಆ ಬಿಡುವಿನ ಒಂದು ಮಧ್ಯಾಹ್ನ ಅವಳು ಗುಂಡಿಗಿಳಿದು ಲಾಳಿಯನ್ನು ಕೈಗೆತ್ತಿಕೊಂಡಳು. ಅಜ್ಜ ಹಿಗ್ಗಲೂ ಇಲ್ಲ, ತಡೆಯಲೂ ಇಲ್ಲ. ಕೈಮಗ್ಗ ತಮ್ಮ ಹೊಟ್ಟೆಯನ್ನು ಅರೆಯಷ್ಟೇ ತುಂಬಿತೆಂಬುದನ್ನು ಅವರು ಎಂದೂ ಮರೆಮಾಚಿದವರಲ್ಲ. “ಕಲಿ, ತಪ್ಪಿಲ್ಲ. ಇದನ್ನೇ ನಂಬಬೇಡ. ಅದನ್ನೂ ನಂಬಬೇಡ,” ಎಂದರು.

ಒಂದು ದೇಶ ಮುಂದುವರಿಯಿತೆಂದು ಹೇಳಲು ಆದಾಯದ ಅಂಕಿಗಳಿವೆ, ರಫ್ತಿನ ಅಂಕಿಗಳಿವೆ. ದೂರದಲ್ಲಿ ಯಾರೋ ಹಾಕಿದ ಒಂದು ರುಜುವಿನಿಂದ ಒಂದು ಮನೆಯ ಅನ್ನ ಅಲುಗಾಡದಂತೆ ಇರುವುದನ್ನೂ ಅವುಗಳ ಜೊತೆಗೆ ಎಣಿಸಬೇಕಾಗಿದೆ. ಆ ಭರವಸೆಯನ್ನು ಆ ಮನೆಗೆ ಕೈಮಗ್ಗವೂ ಕೊಡಲಿಲ್ಲ, ಕಂಪನಿಯೂ ಕೊಟ್ಟಿಲ್ಲ.

ಕೋಣೆಯೇನೋ ಆಯಿತು. ಗುಂಡಿಗೆ ಮಣ್ಣು ತುಂಬಲು ಮಾತ್ರ ಮೊಮ್ಮಗಳು ಒಪ್ಪಲಿಲ್ಲ. ಮೇಲೆ ಹಲಗೆ ಹಾಸಿಸಿದಳು. ಅದರ ಮೇಲೆಯೇ ಅವಳ ಮಂಚ. ಹಲಗೆ ಎತ್ತಿದರೆ ಗುಂಡಿ ಇದ್ದಂತೆಯೇ ಇದೆ.